ಕಂಪ್ಯೂಟರಿನೊಳಗಿನ ಗಾಳಿ

ನನ್ನ ಬಳಿ ವಿಜ್ಞಾನ ಕಲಿತವರಿಗೆ ನೆನಪಿರಬಹುದು, ವೇಗೋತ್ಕರ್ಷದ ಪಾಠ ಬಂದಾಗಲೆಲ್ಲ ನಾನು ದೇವಿಮನೆ ಘಟ್ಟದ ಬಸ್ಸನ್ನು ತರಗತಿಗೆ ತರುತ್ತಿದ್ದೆ. ಬಸ್ಸು ಎಷ್ಟೇ ಜೋರಾಗಿ ಓಡಿದರೂ ಹೊಟ್ಟೆಗೆ ಅದು ತಿಳಿಯುವುದಿಲ್ಲ. ವೇಗವೋ ದಿಕ್ಕೋ ಬದಲಾದಾಗ ಮಾತ್ರ ತಿಳಿಯುತ್ತದೆ. ಹಿಂದಿನ ಸೀಟಿನವನಿಗೆ ವಾಂತಿಯಾಗುತ್ತದೆ, ಸ್ಟೇರಿಂಗ್ ಹಿಡಿದ ಡ್ರೈವರನಿಗೆ ಆಗುವುದಿಲ್ಲ, ಏಕೆಂದು ಯೋಚಿಸಿ ಬನ್ನಿ ಎನ್ನುತ್ತಿದ್ದೆ. ಹೀಗೆಲ್ಲ ಪಾಠ ಹೇಳಿದವನು 2019ರ ಜುಲೈನಲ್ಲಿ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುವ ಸಣ್ಣ ವಿಮಾನದಲ್ಲಿ, ಎದುರಿನ ಸೀಟನ್ನು ಎರಡೂ ಕೈಗಳಿಂದ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಪಕ್ಕದಲ್ಲಿ ಅಕ್ಕ ಇದ್ದಳು. ಅವಳಿಗೆ ಅದು ಮೊದಲ ವಿಮಾನಯಾನ. ಹುಬ್ಬಳ್ಳಿ ಸಮೀಪಿಸಿ ಮೋಡದೊಳಗೆ ಇಳಿಯತೊಡಗಿದ ಮೇಲೆ ವಿಮಾನ ಹತ್ತು ನಿಮಿಷ ಕುಲುಕಾಡಿತು. ಒಮ್ಮೆಯಂತೂ ಕಾಲ ಕೆಳಗಿನ ನೆಲವೇ ಕಳಚಿಹೋದಂತಾಯಿತು. ಅಲ್ಲಿಂದ ಯಲ್ಲಾಪುರದವರೆಗೆ ಕಾರಿನಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಮನೆಯ ಅಂಗಳದಲ್ಲಿ ಇಳಿದು, "ಜೋಗದ ಗುಂಡಿಗೆ ಬಿದ್ದಾಂಗಾತು ತಮಾ. ಇನ್ನು ನಾ ವಿಮಾನ ಹತ್ತತ್ನಿಲ್ಲೆ" ಎಂದಳು.

ಆಡಿದ ಮಾತಿಗೆ ತಪ್ಪುವವಳಲ್ಲ ನಮ್ಮ ಅಕ್ಕ. ತೊಡಕೆಂದರೆ ಅವಳ ಮಗ ಇರುವುದು ಮೆಲ್ಬರ್ನಿನಲ್ಲಿ. 2020ರಲ್ಲಿ ಹುಟ್ಟಿದ ಮೊಮ್ಮಗಳನ್ನು ಅವಳು ಕಂಡದ್ದು ಫೋನಿನ ಪರದೆಯಲ್ಲಿ ಮಾತ್ರ. ಮಗ ಕರೆದಾಗಲೆಲ್ಲ ತೋಟದ ಕೆಲಸ, ಕೊಯ್ಲು, ಮಂಡಿನೋವು ಎಂದು ಒಂದೊಂದು ನೆವ ಹೇಳುತ್ತಿದ್ದಳು. ಇದರ ನಡುವೆ 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೊರಟ ವಿಮಾನವೊಂದು ಮ್ಯಾನ್ಮಾರಿನ ಮೇಲೆ ಪ್ರಕ್ಷುಬ್ಧ ಗಾಳಿಗೆ ಸಿಕ್ಕು, ಒಬ್ಬ ಪ್ರಯಾಣಿಕರು ತೀರಿಕೊಂಡು, ಹಲವರು ಗಾಯಗೊಂಡು, ಬ್ಯಾಂಕಾಕಿನಲ್ಲಿ ಇಳಿಯಿತು. ಮೆಲ್ಬರ್ನಿನ ದಾರಿಯೂ ಸಿಂಗಪುರದ ಮೇಲೆಯೇ. ಅಕ್ಕ ಆ ದಿನದ ಪತ್ರಿಕೆಯನ್ನು ಮಡಚಿ ಕಪಾಟಿನಲ್ಲಿಟ್ಟಳು.

ಆ ವರ್ಷದ ದಸರೆಯ ರಜೆಗೆ ಅಕ್ಕನ ಮಗಳ ಮಗ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಕಂಪ್ಯೂಟರನ್ನೂ ವಿಮಾನ ನಡೆಸುವ ಒಂದು ಹಿಡಿಕೆಯನ್ನೂ ಹೊತ್ತು ತಂದಿದ್ದ. ಅದರಲ್ಲಿದ್ದುದು ಮೈಕ್ರೋಸಾಫ್ಟ್ ಕಂಪನಿಯ ಫ್ಲೈಟ್ ಸಿಮ್ಯುಲೇಟರಿನ 2020ರ ಆವೃತ್ತಿ. 1982ರಲ್ಲಿ ಮೊದಲು ಬಂದಾಗ ಅದು ಕೆಲವು ಗೆರೆಗಳ ಆಟವಾಗಿತ್ತಂತೆ. ಈಗ ಉಪಗ್ರಹ ತೆಗೆದ ಭೂಮಿಯ ಚಿತ್ರವನ್ನೇ ಹಾಸಿ, ಸ್ವಿಟ್ಜರ್ಲೆಂಡಿನ ಮೀಟಿಯೊಬ್ಲೂ ಎಂಬ ಸಂಸ್ಥೆಯಿಂದ ಆ ಹೊತ್ತಿನ ಹವಾಮಾನವನ್ನು ತರಿಸಿಕೊಳ್ಳುತ್ತದೆ. "ಅಜ್ಜಿಯ ಹೆದರಿಕೆ ಬಿಡಿಸುತ್ತೇನೆ ಅಜ್ಜ, ನೂರಕ್ಕೆ ನೂರು ನಿಜವಾದ ವಿಮಾನದ ಹಾಗೇ ಇದೆ" ಎಂದ.

ನೂರಕ್ಕೆ ನೂರು ಕೊಡುವ ಅಭ್ಯಾಸ ನನಗೆ ಎಂದೂ ಇರಲಿಲ್ಲ. ಆದ್ದರಿಂದ ಪಕ್ಕದಲ್ಲಿ ಕುಳಿತು ನೋಡಿದೆ.

ಮೊದಲು ನಮ್ಮ ಸೀಮೆಯನ್ನೆಲ್ಲ ಸುತ್ತಿಸಿದ. ಅಕ್ಕ ತನ್ನ ತೋಟವನ್ನು ಹುಡುಕಿದಳು; ಜಾಗ ಸಿಕ್ಕಿತು, ಆದರೆ ಅಡಿಕೆಮರಗಳಿದ್ದಲ್ಲಿ ಯಾವುದೋ ಸೀಮೆಯ ಕಾಡು ಬೆಳೆದಿತ್ತು. ಶಿರಸಿಯ ಮೇಲೆ ಹಾರುತ್ತಿದ್ದಾಗ ಕರೆಂಟು ಹೋಗಿ ವಿಮಾನ, ಆಕಾಶ, ಶಿರಸಿ ಎಲ್ಲವೂ ಒಟ್ಟಿಗೆ ಮಾಯವಾದವು. ಅಕ್ಕ ಅಂದು ಮೊದಲ ಬಾರಿಗೆ ನಕ್ಕಳು.

ಕರೆಂಟು ಬಂದ ಮೇಲೆ ಹುಡುಗ ಜುಲೈ ತಿಂಗಳ ಗಾಳಿಯನ್ನು ಹೊಂದಿಸಿದ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದಿಂದ ಬರುವ ಪಶ್ಚಿಮದ ಗಾಳಿ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತ್ಯಂತ ಬಲವಾಗಿರುತ್ತದೆ. ಅದು ಸಹ್ಯಾದ್ರಿಗೆ ಬಡಿದು ಮೇಲೇರಿ, ಪೂರ್ವದ ಮಗ್ಗುಲಿಗೆ ಇಳಿಯುವಾಗ ಅಲೆಯಲೆಯಾಗಿ, ಹೊಳೆಯ ಬಂಡೆಯ ಹಿಂದೆ ನೀರು ಸುಳಿ ತಿರುಗುವಂತೆ ಕದಡುತ್ತದೆ. ಯಲ್ಲಾಪುರ, ಹುಬ್ಬಳ್ಳಿಗಳು ಇರುವುದು ಆ ಮಗ್ಗುಲಲ್ಲಿ. ಹಳೆಯ ಸಿಮ್ಯುಲೇಟರುಗಳು ದಾಳ ಎಸೆದಂತೆ ವಿಮಾನಕ್ಕೆ ಅಲ್ಲೊಂದು ಇಲ್ಲೊಂದು ಪೆಟ್ಟು ಕೊಡುತ್ತಿದ್ದುವಂತೆ. ಇದು ಗುಡ್ಡದ ಆಕಾರ ನೋಡಿ ಗಾಳಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ಲೆಕ್ಕ ಹಾಕುತ್ತದೆ. ಎಕ್ಸ್-ಪ್ಲೇನ್ ಎಂಬ ಇನ್ನೊಂದು ಸಿಮ್ಯುಲೇಟರ್ ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಭಾವಿಸಿ ಪ್ರತಿ ತುಂಡಿನ ಮೇಲಿನ ಬಲವನ್ನು ಬೇರೆಯಾಗಿ ಎಣಿಸುತ್ತದೆ. ನಿಜವಾದ ಪ್ರಕ್ಷುಬ್ಧ ಹರಿವು ಇಂಥ ಲೆಕ್ಕಕ್ಕೆ ಪೂರ್ಣ ಸಿಕ್ಕುವಂಥದಲ್ಲ. ಬೆಂಗಳೂರಿನ ರೊದ್ದಂ ನರಸಿಂಹ (1933–2020) ಅವರಂಥವರು ಜೀವಮಾನವನ್ನೇ ಅದಕ್ಕೆ ಕೊಟ್ಟರು. (ಅವರ ತಂದೆ ಆರ್. ಎಲ್. ನರಸಿಂಹಯ್ಯನವರ ಕನ್ನಡ ವಿಜ್ಞಾನ ಬರಹಗಳಿಂದಲೇ ನನ್ನಂಥ ಮಾಸ್ತರರು ತಯಾರಾದದ್ದು.)

ವಿಮಾನ ಕುಲುಕಾಡತೊಡಗಿತು. ದಿಗಂತ ಓರೆಯಾಯಿತು, ರೆಕ್ಕೆ ಹೊರಳಿತು, ಸ್ಪೀಕರಿನಲ್ಲಿ ಗಡಗಡ ಸದ್ದು. ದೊಡ್ಡ ವಿಮಾನವನ್ನು ಆರಿಸಿದಾಗಲೂ ಅದು ಗಾಳಿಪಟದಂತೆ ಓಲಾಡಿದ್ದು ನನಗೆ ಅತಿಯೆನಿಸಿತು. ಅಷ್ಟು ತೂಕದ ವಸ್ತು ಅಷ್ಟು ಸುಲಭವಾಗಿ ಮಣಿಯಲಾರದು. ಅಕ್ಕ ಕದಲದೆ ನೋಡಿದಳು. "ಯಕ್ಷಗಾನದ ರಾಕ್ಷಸ ಇದು. ಬೊಬ್ಬೆ ಹೊಡಿತು, ಮೈ ಮುಟ್ಟತಿಲ್ಲೆ" ಎಂದಳು. ಹುಡುಗನ ಮುಖ ಸಣ್ಣದಾಯಿತು.

ಅಕ್ಕನ ಮಾತು ಸರಿಯಾದದ್ದೇ. ಒಳಗಿವಿಯ ಅಂಗಗಳಿಗೆ ತಿಳಿಯುವುದು ವೇಗೋತ್ಕರ್ಷ. ಮನೆಯ ಕುರ್ಚಿ ಕದಲದಿರುವಾಗ ಕಣ್ಣು ಎಷ್ಟು ಕೂಗಿದರೂ ಕಿವಿ ಒಪ್ಪುವುದಿಲ್ಲ. ಪೈಲಟ್ಟರಿಗೆ ತರಬೇತಿ ಕೊಡುವ ದೊಡ್ಡ ಸಿಮ್ಯುಲೇಟರುಗಳನ್ನು ಆರು ಕಾಲುಗಳ ಯಂತ್ರದ ಮೇಲೆ ನಿಲ್ಲಿಸಿರುತ್ತಾರೆ. ಅದಕ್ಕೂ ಚಲಿಸಲು ಸಿಕ್ಕುವ ಎಡೆ ಕೆಲವೇ ಅಡಿ. ಆದ್ದರಿಂದ ಅದು ಮೊದಲ ತಳ್ಳು ಮಾತ್ರ ಕೊಟ್ಟು, ಕುಳಿತವನಿಗೆ ಅರಿವಾಗದಷ್ಟು ಮೆಲ್ಲಗೆ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ಸೀಟಿನಿಂದ ಎತ್ತಿ ಎಸೆಯುವ ಪತನವನ್ನು ಅದೂ ತೋರಿಸಲಾರದು. ಇನ್ನು, ಸಿಮ್ಯುಲೇಟರಿನಲ್ಲಿ ನಾವು ಕೂರುವುದು ಡ್ರೈವರನ ಸೀಟಿನಲ್ಲಿ. ಅಕ್ಕ ಕುಳಿತಿದ್ದುದು ಹಿಂದಿನ ಸಾಲಿನಲ್ಲಿ, ಕಿಟಕಿಯಾಚೆ ಬರಿಯ ಬಿಳುಪು.

ಸೋತ ಹುಡುಗ ಹಿಡಿಕೆಯಿಂದ ಕೈ ತೆಗೆದ. ಪರದೆಯಲ್ಲಿ ವಿಮಾನ ತನ್ನಷ್ಟಕ್ಕೆ ಕುಲುಕುತ್ತಲೇ ಇತ್ತು. ಅಕ್ಕ ಒಂದು ಗಡಿಯಾರದಂಥ ಮುಖಫಲಕದ ಮೇಲೆ ಬೆರಳಿಟ್ಟು, "ಇದೆಂತು?" ಎಂದು ಕೇಳಿದಳು. ಎತ್ತರ ತೋರಿಸುವ ಮಾಪಕ. ಅದರ ಮುಳ್ಳು ನಲವತ್ತು ಅಡಿ ಇಳಿಯಿತು, ಮೂವತ್ತು ಏರಿತು, ಮತ್ತೆ ಐವತ್ತು ಇಳಿಯಿತು.

"ಇಷ್ಟೇಯ? ಅಂದು ನಾವು ಬಿದ್ದದ್ದೂ ಇಷ್ಟೇಯ?"

ಅಂದಿನ ಲೆಕ್ಕ ನನ್ನಲ್ಲಿರಲಿಲ್ಲ. ಆದರೆ ಸಿಂಗಪುರದ ತನಿಖಾಧಿಕಾರಿಗಳು ಪ್ರಕಟಿಸಿದ ಅಂಕಿಗಳು ನನ್ನ ಟಿಪ್ಪಣಿ ಪುಸ್ತಕದಲ್ಲಿದ್ದವು. ಆ ವಿಮಾನ 4.6 ಸೆಕೆಂಡುಗಳಲ್ಲಿ ಇಳಿದದ್ದು 37,362 ಅಡಿಯಿಂದ 37,184 ಅಡಿಗೆ, ಅಂದರೆ 178 ಅಡಿ. ಜೋಗದ ಎತ್ತರ 830 ಅಡಿ. ಕಪಾಟಿನ ಪತ್ರಿಕೆಯಲ್ಲಿದ್ದ ವಿಮಾನವೂ ಜೋಗದ ನಾಲ್ಕನೆಯ ಒಂದು ಪಾಲಿನಷ್ಟು ಇಳಿದಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅರ್ಧ ಪಾಠ ಹೇಳಿ ಬಿಡುವುದು ನನ್ನಿಂದಾಗದು. ಅದೇ ವರದಿಯಲ್ಲಿ ಇನ್ನೊಂದು ಸಾಲಿತ್ತು: ಕುಳಿತವರ ಮೇಲಿನ ಬಲ 0.6 ಸೆಕೆಂಡಿನಲ್ಲಿ ಗುರುತ್ವದ 1.35 ಪಟ್ಟಿನಿಂದ ಸೊನ್ನೆಯನ್ನೂ ದಾಟಿ ಋಣ 1.5ಕ್ಕೆ ಹೋಗಿತ್ತು. ಬೆಲ್ಟ್ ಕಟ್ಟದವರು ಆಗ ಮೇಲಕ್ಕೆ ಚಿಮ್ಮುತ್ತಾರೆ. ಬಲ ಮರಳಿದಾಗ ಕೆಳಕ್ಕೆ ಬೀಳುತ್ತಾರೆ. ಅಡಿಗಳು ಕಡಿಮೆಯಿದ್ದರೂ ಪೆಟ್ಟು ದೊಡ್ಡದಾಗಿರಬಹುದು. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರೆ ಪಟ್ಟಿ ಬಿಚ್ಚಲಾಗ" ಎಂದಷ್ಟೇ ಹೇಳಿ ದೀಪ ಹಚ್ಚಲು ಎದ್ದಳು. ಮರುವಾರ ಪಾಸ್‌ಪೋರ್ಟ್ ಹುಡುಕಿಸಿದಳು.

2025ರ ಜನವರಿಯಲ್ಲಿ ಇಬ್ಬರೂ ಹೊರಟೆವು. ಅಲುಗಾಟ ಕಡಿಮೆಯೆಂದು ರೆಕ್ಕೆಯ ಮೇಲಿನ ಸಾಲಿನಲ್ಲಿ ಸೀಟು ಕೇಳಿ ಪಡೆದಿದ್ದೆ. ಬಂಗಾಳಕೊಲ್ಲಿಯ ಮೇಲೆ ನಡುರಾತ್ರಿ ವಿಮಾನ ಕುಲುಕಿತು, ಒಮ್ಮೆ ಹೊಟ್ಟೆ ಗಂಟಲಿಗೆ ಬಂದಂತಾಯಿತು. ಅಕ್ಕ ನನ್ನ ಕೈ ಹಿಡಿದಳು.

"ಎಷ್ಟು ಅಡಿ ತಮಾ?"

ಎದುರಿನ ಸೀಟಿನ ಬೆನ್ನಿಗಿದ್ದ ಪರದೆಯನ್ನು ನೋಡಿ, "ಮೊದಲು ಎಷ್ಟಿತ್ತೋ ಅಷ್ಟೇ" ಎಂದೆ. ಅವಳು ಬೆಲ್ಟನ್ನು ಇನ್ನೊಂದಿಷ್ಟು ಬಿಗಿ ಮಾಡಿಕೊಂಡಳು. ಕೈ ಮಾತ್ರ ಬಿಡಲಿಲ್ಲ. ನನ್ನ ಕೈಯೂ ಬೆವರಿತ್ತು.