ಬಿಳಿ ಚಕ್ರಕ್ಕೆ ಮಾರ್ಚ್ ಬಿಸಿಲು

ಸುದ್ದಗುಂಟೆಪಾಳ್ಯ, ಬೆಂಗಳೂರು
ಭಾನುವಾರ



ಮಗ ತುಳಿದಿದ್ದ ಬಿಎಂಎಕ್ಸ್ ಸೈಕಲನ್ನು ಅಟ್ಟದಿಂದ ಇಳಿಸಿದ್ದೀರಿ. ಪ್ಲಾಸ್ಟಿಕ್ ಚಕ್ರಗಳು ಬೀಡಿ ಸೇದುವವನ ಹಲ್ಲಿನ ಹಾಗೆ ಹಳದಿಯಾಗಿವೆ, ಮೊಮ್ಮಗನಿಗೆ ಕೊಡುವ ಮುಂಚೆ ಬಿಳಿ ಮಾಡಬಹುದೇ ಅಂತ ಕೇಳಿದ್ದೀರಿ. ಮಾಡಬಹುದು. ಬಚ್ಚಲುಮನೆಯ ಬ್ಲೀಚ್ ಬಾಟಲಿ ಮಾತ್ರ ಮುಟ್ಟಬೇಡಿ. ನಾನು ಮುಟ್ಟಿ ಕೆಟ್ಟವನು.

ನನ್ನದು ಗುಜರಿಯಲ್ಲಿ ಸಿಕ್ಕ ಜೋಡಿ. ಐದು ದಪ್ಪ ಕಡ್ಡಿ, ಸ್ಟಿಕರ್ ಕಿತ್ತುಹೋಗಿ ಕಂಪನಿ ಯಾವುದೋ ಗೊತ್ತಿಲ್ಲ. ಆತುರಕ್ಕೆ ಬಿದ್ದು ಒಂದು ಚಕ್ರಕ್ಕೆ ರಾತ್ರಿಯೆಲ್ಲ ಬ್ಲೀಚ್ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಇನ್ನಷ್ಟು ಹಳದಿ, ಉಗುರಲ್ಲಿ ಕೆರೆದರೆ ಸೀಮೆಸುಣ್ಣದಂಥ ಪುಡಿ. ನೈಲಾನ್‌ಗೂ ಕ್ಲೋರಿನ್‌ಗೂ ಆಗಿಬರುವುದಿಲ್ಲ. ನೈಲಾನ್ ಬಟ್ಟೆಯ ಪಟ್ಟಿಯಲ್ಲಿ ಬ್ಲೀಚ್ ಗುರುತಿನ ತ್ರಿಕೋನಕ್ಕೆ ಕಾಟು ಹೊಡೆದಿರುತ್ತಾರಲ್ಲ, ಇದಕ್ಕೇ.

ಈ ಚಕ್ರಗಳ ಮೂಲಪುರುಷ ಅಮೆರಿಕದವನು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಕೈವೇ ಕಂಪನಿ ನೈಲಾನ್‌ನಲ್ಲಿ ಎರಕ ಹೊಯ್ದ ಟಫ್ ವೀಲ್ ತಂದಿತು. ಮಕ್ಕಳು ದಿಬ್ಬದಿಂದ ಹಾರಿಸಿದರೂ ಸ್ಪೋಕ್ ಮುರಿಯುವ, ಬೆಂಡ್ ತೆಗೆಸುವ ರಗಳೆ ಇಲ್ಲ. 1982ರಲ್ಲಿ ಹುಡುಗರು ಬಿಎಂಎಕ್ಸ್ ತುಳಿಯುವ ‘ಇ.ಟಿ.’ ಸಿನಿಮಾ ಬಂದ ಮೇಲಂತೂ ಆ ಸೈಕಲ್ ಅಂದರೆ ಲೋಕದ ಹುಡುಗರಿಗೆಲ್ಲ ಹುಚ್ಚು. ನಮ್ಮ ಮಕ್ಕಳ ಸೈಕಲ್ಲುಗಳಿಗೂ ಆಮೇಲೆ ಪ್ಲಾಸ್ಟಿಕ್ ಚಕ್ರ ಬಂತು. ಆದರೆ ಎಲ್ಲವೂ ನೈಲಾನ್ ಅಲ್ಲ, ಅಗ್ಗದವು ಎಷ್ಟೋ ಪಾಲಿಪ್ರೊಪಿಲೀನ್.

ನಿಮ್ಮದು ಯಾವುದು ಅಂತ ಮೊದಲು ನೋಡಿಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಟೈರ್ ಬಿಚ್ಚಿ, ಒಳಗಡೆ ಕಾಣದ ಜಾಗದಲ್ಲಿ ಅಕ್ಕಿಕಾಳಿನಷ್ಟು ಚೂರು ಹೆರೆದು ಲೋಟದ ನೀರಿಗೆ ಹಾಕಿ, ಬೆರಳಲ್ಲಿ ಒಮ್ಮೆ ಅದ್ದಿ ಬಿಡಿ. ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಬಹುಶಃ ನೈಲಾನ್.

ಬಿಳಿ ಮಾಡುವ ಸಾಮಾನು ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನಲ್ಲಿ ಸಿಗುವುದು ನೀರಿನಂತೆ ಹರಿದುಹೋಗುತ್ತದೆ. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ‘20 ವಾಲ್ಯೂಮ್’ ಕ್ರೀಮ್ ಕೇಳಿ. ಅಂದರೆ ಶೇ. 6ರ ಪೆರಾಕ್ಸೈಡ್, ಮಂದವಾಗಿರುವುದರಿಂದ ಕಡ್ಡಿಗೆ ಅಂಟಿಕೊಂಡಿರುತ್ತದೆ. ಬೇರಿಂಗ್, ಆಕ್ಸಲ್ ಎಲ್ಲ ಕಳಚಿ, ಸೋಪು ಹಾಕಿ ಗ್ರೀಸ್ ಹೋಗುವಂತೆ ತಿಕ್ಕಿ ತೊಳೆಯಿರಿ. ಕ್ರೀಮ್ ಬಳಿದು, ಅಡುಗೆಮನೆಯ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಲಿಗಿಡಿ. ಒಣಗಲು ಬಿಟ್ಟರೆ ಪಟ್ಟೆಪಟ್ಟೆ ಬರುತ್ತದೆ. ಗಂಟೆಗೊಮ್ಮೆ ಹಾಳೆಯ ಮೇಲೇ ಸವರಿ, ಚಕ್ರ ತಿರುಗಿಸಿಡಿ. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ಬೆರಳ ತುದಿ ಬೆಳ್ಳಗಾಗಿ ಚುರುಚುರು ಉರಿಯುತ್ತದೆ.

ತಮಾಷೆ ನೋಡಿ, ಹಳದಿ ಮಾಡಿದ್ದೂ ಬಿಸಿಲೇ, ತೆಗೆಯುವುದೂ ಬಿಸಿಲೇ. ಅತಿನೇರಳೆ ಕಿರಣ ಪೆರಾಕ್ಸೈಡನ್ನು ಒಡೆಯುತ್ತದೆ, ಒಡೆದ ಚೂರು ಹೋಗಿ ಹಳದಿ ಬಣ್ಣದ ಕೊಂಡಿಗಳನ್ನು ಕಡಿಯುತ್ತದೆ. ಪಂಚೆಗೆ ಹಾಕುವ ನೀಲಿ ಈ ಕೆಲಸ ಮಾಡುವುದಿಲ್ಲ, ಅದು ಹಳದಿಯನ್ನು ಮುಚ್ಚುತ್ತದೆ ಅಷ್ಟೆ. ನೈಲಾನ್ ಬಣ್ಣ ಹೀರುವ ಜಾತಿ ಬೇರೆ, ಚಕ್ರ ನೇರಳೆಯಾದೀತು.

ನಮ್ಮ ಪಾಳ್ಯದಲ್ಲಿ ಬಿಸಿಲು ಹುಡುಕುವುದೇ ಒಂದು ಕೆಲಸ. ಕ್ರೈಸ್ಟ್ ಕಾಲೇಜಿನ ಹುಡುಗ ಹುಡುಗಿಯರಿಗೆಂದು ಎದ್ದ ಪಿ.ಜಿ.ಗಳು ಒಂದರ ಹೆಗಲಿಗೊಂದು ತಾಗಿ ನಿಂತಿವೆ, ಗಲ್ಲಿಗೆ ಬಿಸಿಲು ಇಳಿಯುವುದು ಮಧ್ಯಾಹ್ನ ಒಂದಿಷ್ಟು ಹೊತ್ತು. ಕೊನೆಗೆ ತಾರಸಿಯಲ್ಲಿ, ಸಿಂಟೆಕ್ಸ್ ಟ್ಯಾಂಕಿಗೂ ಒಣಹಾಕಿದ ಜೀನ್ಸ್ ಪ್ಯಾಂಟುಗಳಿಗೂ ನಡುವೆ ಜಾಗ ಮಾಡಿಕೊಂಡೆ. ಪಕ್ಕದ ತಾರಸಿಯ ಹುಡುಗನೊಬ್ಬ, “ಅಂಕಲ್, ಹಪ್ಪಳಾನಾ?” ಅಂದ. ಹೌದಪ್ಪ, ಕರಿಯೋಕೆ ದೊಡ್ಡ ಬಾಣಲೆ ಬೇಕು ಅಂದೆ.

ಮೂರನೇ ದಿನಕ್ಕೆ ಬ್ಲೀಚ್ ಕಾಣದ ಚಕ್ರ ಹಾಲಿನ ಕೆನೆಯ ಬಣ್ಣಕ್ಕೆ ಬಂತು. ಅಲ್ಲಿಗೇ ನಿಲ್ಲಿಸಿದೆ. ಅಚ್ಚ ಬಿಳಿ ಬರಲಿ ಅಂತ ಹಟ ಹಿಡಿದರೆ ಪೆರಾಕ್ಸೈಡೂ ಮೇಲ್ಪದರ ತಿನ್ನುತ್ತದೆ. ಒಂದೆರಡು ವರ್ಷಕ್ಕೆ ಹಳದಿ ಮತ್ತೆ ಇಣುಕಲೂಬಹುದು. ಉಪ್ಪುಕಾಗದ ಹಾಕಿ ಉಜ್ಜುವುದಂತೂ ಬೇಡ. ಕೆಲವು ಚಕ್ರಗಳ ನೈಲಾನ್‌ನಲ್ಲಿ ಗಾಜಿನ ಎಳೆ ಬೆರೆಸಿರುತ್ತಾರೆ, ಅದು ಎದ್ದರೆ ಕೈಗೆ ಮುಳ್ಳು.

ಬಣ್ಣಕ್ಕಿಂತ ಮುಖ್ಯವಾದದ್ದು ಕೊನೆಗೆ ಹೇಳುತ್ತಿದ್ದೇನೆ. ಕಡ್ಡಿ ಹಬ್ಬಿಗೆ ಸೇರುವ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆ ಬಿರುಕು ಕಂಡರೂ ಆ ಚಕ್ರ ಗೋಡೆಗೆ ಅಲಂಕಾರ, ಮೊಮ್ಮಗನ ಸವಾರಿಗಲ್ಲ. ಬಿರುಕಿಲ್ಲದ ನೈಲಾನ್ ಚಕ್ರವಾದರೆ ಎರಡು ದಿನ ನೀರಲ್ಲಿ ಮುಳುಗಿಸಿಡಿ. ನೈಲಾನ್ ನೀರು ಕುಡಿಯುವ ಪ್ಲಾಸ್ಟಿಕ್, ಒಣಗಿದರೆ ಪೆಡಸು, ತೇವ ಹೀರಿದರೆ ಬಾಗುವ ಗುಣ ವಾಪಸ್ ಬರುತ್ತದೆ. ಮಳೆಯಲ್ಲಿ ಇಂಥ ಚಕ್ರಕ್ಕೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಹುಡುಗನಿಗೆ ಮೊದಲೇ ಹೇಳಿಡಿ.

ಅರ್ಧ ಬಾಟಲಿ ಕ್ರೀಮ್ ಉಳಿದಿದೆ. ನಿಮ್ಮ ಚಕ್ರ ಹಿಡಿದುಕೊಂಡು ಈ ಮಾರ್ಚ್‌ನಲ್ಲೇ ಬನ್ನಿ. ಜೂನ್ ಬಂದು ಮೋಡ ಕವಿದರೆ ನಮ್ಮ ತಾರಸಿಯಲ್ಲಿ ಜೀನ್ಸೇ ಒಣಗುವುದಿಲ್ಲ.

ನಿಮ್ಮವ