ತೂಕಡಿಸಿದವನನ್ನು ಎಬ್ಬಿಸುವ ದಾರಿ

ಫಿಲಡೆಲ್ಫಿಯದಿಂದ ಪಿಟ್ಸ್‌ಬರ್ಗಿನತ್ತ ಸಾಗುವ ಪೆನ್ಸಿಲ್ವೇನಿಯ ಟರ್ನ್‌ಪೈಕ್ ಅಮೆರಿಕದ ಹಳೆಯ ಮೋಟಾರು ಹೆದ್ದಾರಿಗಳಲ್ಲೊಂದು. ಅದರ ಮೊದಲ ಭಾಗವು 1940ರ ಅಕ್ಟೋಬರ್ 1ರಂದು ತೆರೆಯಿತು. ಹಿಂದಿನ ಶತಮಾನದಲ್ಲಿ ರೈಲಿಗೆಂದು ಕೊರೆಯತೊಡಗಿ ಅರ್ಧಕ್ಕೇ ಕೈಬಿಟ್ಟಿದ್ದ ಸುರಂಗಗಳನ್ನು ಬಳಸಿಕೊಂಡು ಬೆಟ್ಟಗಳ ಒಡಲಿನಲ್ಲಿ ದಾರಿ ಮಾಡಿದರು. ಆದುದರಿಂದ ಏರು ಸೌಮ್ಯ, ತಿರುವು ವಿರಳ. ನಮ್ಮ ಆಗುಂಬೆಯ ಘಾಟಿಯಲ್ಲಿ ಚಾಲಕನಿಗೆ ನಿದ್ರಿಸಲು ಪುರಸೊತ್ತೆಲ್ಲಿ? ಇಲ್ಲಿ ದಾರಿಯ ಸುಖವೇ ಅಪಾಯ.

ಕಳೆದ ಬೇಸಗೆಯಲ್ಲಿ ನನ್ನ ತಮ್ಮನ ಕಾರಿನಲ್ಲಿ ಆ ದಾರಿಯನ್ನು ಕ್ರಮಿಸಿದೆ. ಸಸ್ಕ್ವೆಹಾನ ನದಿಯನ್ನು ದಾಟುವಾಗಲೇ ಕತ್ತಲು ಕವಿದಿತ್ತು. ಹಿಂದೆ ಅವನ ಹೆಂಡತಿ, ಇಬ್ಬರು ಮಕ್ಕಳು ಗಾಢನಿದ್ರೆಯಲ್ಲಿದ್ದರು. ಬ್ಲೂ ಮೌಂಟನ್, ಕಿಟ್ಟಟಿನಿ ಸುರಂಗಗಳು ಒಂದರ ಬೆನ್ನಿಗೊಂದು ಕಳೆದುವು, ಟಸ್ಕರೋರವೂ ಹಿಂದಾಯಿತು. ಒಮ್ಮೆಲೇ ಕಾರು ಗಡಗಡನೆ ನಡುಗಿತು. ಆ ನಡುಕ ಪಾದದಿಂದೇರಿ ಹಲ್ಲುಗಳವರೆಗೂ ಮುಟ್ಟಿತು. ತಮ್ಮನು ಬೆಚ್ಚಿ ಚಕ್ರವನ್ನು ಎಡಕ್ಕೆಳೆದನು.

"ಏನಿಲ್ಲ ಅಣ್ಣ, ಅಂಚಿನ ಮೇಲೆ ಹೋದೆ, ಅಷ್ಟೆ" ಎಂದನಾದರೂ ಧ್ವನಿ ಸ್ಥಿಮಿತದಲ್ಲಿರಲಿಲ್ಲ.

ಸೈಡ್ಲಿಂಗ್ ಹಿಲ್ ಎಂಬ ತಂಗುದಾಣದಲ್ಲಿ ಕಾಫಿ ಕುಡಿಯುತ್ತ ಅದರ ಗುಟ್ಟನ್ನು ವಿವರಿಸಿದನು. ಬಿಳಿಗೆರೆಯಾಚೆ, ರಸ್ತೆಯಂಚಿನುದ್ದಕ್ಕೂ ಸುಮಾರು ಅರ್ಧ ಅಂಗುಲ ಆಳದ ಅಡ್ಡಗೀರುಗಳು ಸಮಾನ ಅಂತರದಲ್ಲಿವೆ. ಗಾಲಿಯು ಅವುಗಳಲ್ಲಿ ಇಳಿದೇಳುವ ಕಂಪನವು ಆಸನಕ್ಕೂ ಚಕ್ರ ಹಿಡಿದ ಕೈಗೂ ತಲುಪುತ್ತದೆ. 1980ರ ದಶಕದ ಕೊನೆಯಲ್ಲಿ ಇದೇ ಹೆದ್ದಾರಿಯ ಇಂಜಿನಿಯರುಗಳು ಇದನ್ನು ಪ್ರಯೋಗಿಸಿದರು. ರಸ್ತೆ ಬಿಟ್ಟು ಹೊರಜಾರುವ ಅಪಘಾತಗಳು ಶೇಕಡ 70ರಷ್ಟು ಇಳಿದುವೆಂದು 1994ರಲ್ಲಿ ವರದಿಯಾಯಿತು. ಇದಕ್ಕೆ 'ಸ್ನ್ಯಾಪ್' ಎಂದು ಹೆಸರು. ತೂಕಡಿಕೆಯನ್ನು ಶಬ್ದದಿಂದ ಎಚ್ಚರಿಸುವ ವಿನ್ಯಾಸವೆಂದು ಅದರ ಪೂರ್ಣಾರ್ಥ. ಹೆಸರಿಟ್ಟವರು ಸ್ಪರ್ಶಕ್ಕೆ ಅನ್ಯಾಯ ಮಾಡಿದರೆಂದೇ ನನ್ನ ಅಭಿಪ್ರಾಯ. ಫಲಕವನ್ನು ಓದಲು ಕಣ್ಣು ತೆರೆದಿರಬೇಕು. ನಡುಕಕ್ಕೆ ಆ ಹಂಗಿಲ್ಲ.

ಹೊಸ ಕಾರುಗಳಲ್ಲಿ ಕ್ಯಾಮೆರಾ ಬಿಳಿಗೆರೆಯನ್ನು ಕಂಡು, ಗೆರೆ ಮೀರಿದೊಡನೆ ಚಕ್ರವನ್ನೇ ನಡುಗಿಸುವುದುಂಟು. ಗೆರೆ ಮಾಸಿದರೆ, ಹಿಮ ಮುಚ್ಚಿದರೆ ಆ ಕಣ್ಣೂ ಕುರುಡು. ಸಂತೆಯಿಂದ ಮರಳುವಾಗ ಗಾಡಿಯವನು ನಿದ್ದೆಹೋದರೂ ಎತ್ತುಗಳು ಮನೆ ಮುಟ್ಟಿಸುತ್ತಿದ್ದುವು. ಮೋಟಾರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಗೀರುಗಳೂ ಕ್ಷಣಮಾತ್ರ ಎಬ್ಬಿಸಬಲ್ಲುವೇ ಹೊರತು ನಿದ್ರೆಯ ಸಾಲವನ್ನು ತೀರಿಸಲಾರವು.

ತಮ್ಮನು ಇನ್ನೊಂದು ಕಾಫಿಗೆ ಏಳುತ್ತಿದ್ದಂತೆ ಅವನ ಹೆಂಡತಿ ಬೀಗದ ಕೈಯನ್ನು ತೆಗೆದುಕೊಂಡಳು.

"ಇವರು ಹಿಂದೆ ಮಲಗಲಿ ಭಾವ, ನಾನು ನಡೆಸುತ್ತೇನೆ."

ಅಲೆಘೆನಿಯ ಸುರಂಗವನ್ನು ಹೊಕ್ಕಾಗ ತಮ್ಮನು ಮಕ್ಕಳ ನಡುವೆ ಗೊರಕೆ ಹೊಡೆಯುತ್ತಿದ್ದನು.