ಬೂದು ಮುಚ್ಚಳದ ಕೊಳವೆ

1996ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೆ ನರ್ಸ್ ಆಗುವ ಆಸೆ. "ರಾತ್ರಿ ಪಾಳಿ ಕೆಲಸ ನಮ್ಮ ಮನೆ ಹುಡುಗಿಗೆ ಬೇಡ" ಎಂದು ಅಪ್ಪ ತಡೆದರು. ಮದುವೆಯಾಯಿತು, ಒಲೆ ಮುಂದೆ ವರ್ಷಗಳು ಉರುಳಿದವು. ಆ ಆಸೆ ಮಾತ್ರ ಆರಲಿಲ್ಲ. ಮಗಳು ಪಿ.ಯು.ಸಿ. ಮುಗಿಸಿದ ಕೂಡಲೇ, "ನೀನಾದರೂ ನರ್ಸ್ ಆಗು" ಎಂದು ಹಟ ಹಿಡಿದೆ.

"ನನಗೆ ಲ್ಯಾಬ್ ಕೆಲಸ ಇಷ್ಟ ಅಮ್ಮ. ಅದಕ್ಕೂ ಡಿಪ್ಲೊಮಾ ಇದೆ" ಅಂದಳು.

"ರಕ್ತ, ಉಚ್ಚೆಯ ಬಾಟಲಿ ಹಿಡಿಯೋದಕ್ಕೂ ಓದಬೇಕೇನೆ?" ಎಂದುಬಿಟ್ಟೆ. ಎರಡು ದಿನ ಅವಳು ಮಾತಾಡಲಿಲ್ಲ. ಕೊನೆಗೆ ನಮ್ಮ ಮನೆಯವರೇ ಸೇರಿಸಿ ಬಂದರು.

ಮೊನ್ನೆ ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ನನಗೆ ಸಕ್ಕರೆ ಪರೀಕ್ಷೆ. ರಕ್ತ ತೆಗೆದು ಬೂದು ಮುಚ್ಚಳದ ಕೊಳವೆಗೆ ಹಾಕಿದಳು.

"ಇದೇ ಯಾಕೆ?" ಅಂದೆ.

"ಮೈಯಿಂದ ಹೊರಬಂದ ಮೇಲೂ ರಕ್ತದ ಕಣಗಳು ಸಕ್ಕರೆ ತಿಂತಾನೇ ಇರುತ್ವೆ ಅಮ್ಮ. ತಡವಾದರೆ ಲೆಕ್ಕ ಕಡಿಮೆ ತೋರಿಸುತ್ತೆ. ಇದರಲ್ಲಿರೋ ಫ್ಲೋರೈಡ್ ಅದನ್ನು ತಡೆಯುತ್ತೆ."

ಖಾಲಿ ಹೊಟ್ಟೆಯ ಲೆಕ್ಕ 142 ಬಂತು. 126 ಮುಟ್ಟಿದರೇ ಸಕ್ಕರೆ ಕಾಯಿಲೆಯ ಲಕ್ಷಣವಂತೆ. ಡಾಕ್ಟರು ಮದ್ದು ಬರೆಯುವ ಮುಂಚೆ ನೋಡಿದ್ದು ನನ್ನ ಮಗಳು ಕೊಟ್ಟ ಚೀಟಿಯನ್ನೇ!

ಆಸ್ಪತ್ರೆಯೆಂದರೆ ಡಾಕ್ಟರು, ನರ್ಸು ಇಬ್ಬರೇ ಎಂದುಕೊಂಡಿದ್ದೆ. ಎಕ್ಸ್‌ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರು, ಎಲ್ಲಕ್ಕೂ ಬೇರೆ ಬೇರೆ ಓದು ಇದೆ. ಮಕ್ಕಳನ್ನು ಕೇಳಿ ನೋಡಿ ಸೋದರಿಯರೇ. ಅಪ್ಪ ಅಡ್ಡ ನಿಂತರೆಂದು ಇಷ್ಟು ವರ್ಷ ಕೊರಗಿದವಳು ನಾನು. ಮಗಳ ದಾರಿಗೆ ನಾನೇ ಅಡ್ಡ ನಿಲ್ಲಲಿದ್ದೆನಲ್ಲ!